ಕಾಲುವೆಯಿಂದ ಕಿತ್ತ ಕಲ್ಲು

ನಮ್ಮ ಊರಿನ ಚರಿತ್ರೆ ಬರೆಯಲು ಹೊರಟ ಮಹನೀಯರಿಗೆ ನಮ್ಮ ದೊಡ್ಡಪ್ಪನನ್ನು ಒಂದು ಮಾತು ಕೇಳೋಣವೆಂದು ಹೊಳೆಯಲಿಲ್ಲ. ಕೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ದೊಡ್ಡಪ್ಪ ನೀರುಗಂಟಿ. ನಲವತ್ತು ವರ್ಷದಿಂದ ಹೊಲಗಳಿಗೆ ನೀರು ಹಂಚುವವರು. ಊರಾಚೆ ಕಾಲುವೆ ಎರಡಾಗಿ ಒಡೆದು ಒಂದು ಕವಲು ಮೇಲಿನ ಹೊಲಗಳಿಗೆ, ಇನ್ನೊಂದು ಕೆಳಗಿನ ಹೊಲಗಳಿಗೆ ಹೋಗುತ್ತದೆ. ಒಡೆಯುವ ಜಾಗದಲ್ಲಿ, ನೀರಿನ ನಡುವೆ, ಸೊಂಟದೆತ್ತರದ ಕಲ್ಲೊಂದಿತ್ತು. ಅದರ ಮೇಲೆ ದೊಡ್ಡಪ್ಪನ ಅಪ್ಪ ಉಳಿಯಲ್ಲಿ ಕೊರೆದ ಒಂದು ಗೀಟು. ನೀರು ಗೀಟಿಗಿಂತ ಮೇಲಿದ್ದರೆ ಎರಡೂ ಕವಲಿನ ಗೇಟು ತೆರೆದಿರಬೇಕು. ಗೀಟಿಗೆ ಇಳಿಯಿತೋ, ಮೇಲಿನವರ ಗೇಟು ಮುಚ್ಚಬೇಕು. ಇಲ್ಲದಿದ್ದರೆ ಕೆಳಗಿನವರಿಗೆ ಕೆಸರೂ ಮುಟ್ಟುವುದಿಲ್ಲ. ಇಷ್ಟೇ ಕಾನೂನು. ನೀರಿಗಾಗಿ ನಮ್ಮೂರಲ್ಲಿ ಯಾರೂ ಯಾರ ಕೊರಳಪಟ್ಟಿಯನ್ನೂ ಹಿಡಿದಿರಲಿಲ್ಲ.

ಊರಿಗೆ ನೂರು ವರ್ಷ ತುಂಬಿತೆಂದು ಒಂದು ಸಮಿತಿ ಹುಟ್ಟಿತು. ನಿವೃತ್ತ ಮೇಷ್ಟ್ರು ಪುಸ್ತಕ ಬರೆಯಲು ಕೂತರು. ಪುಸ್ತಕಕ್ಕೆ ಸ್ಮಾರಕ ಬೇಕಲ್ಲ? ಕಾಲುವೆ ನೀರು ನಿಲ್ಲಿಸಿದ್ದ ವಾರ ನೋಡಿಕೊಂಡು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಲ್ಲನ್ನು ಎಳೆದರು, ಪಾಚಿ ಉಜ್ಜಿದರು, ಪಂಚಾಯ್ತಿ ಆಫೀಸಿನ ಮುಂದೆ ಸಿಮೆಂಟಿನ ಕಟ್ಟೆ ಮೇಲೆ ನಿಲ್ಲಿಸಿದರು. ಗೀಟಿಗೆ ಹಳದಿ ಬಣ್ಣ ಬಳಿದು, ಅದು ಯಾವುದೋ ಯುದ್ಧದಲ್ಲಿ ಬಿದ್ದ ಕತ್ತಿಯೇಟು ಎಂದು ಬೋರ್ಡು ಹಾಕಿದರು. ಓದಿ ನನ್ನ ಮೈಯೆಲ್ಲ ಉರಿಯಿತು. ಕಲ್ಲಿಗೆ ಕತ್ತಿಯಲ್ಲಿ ಹೊಡೆದ ಆ ಪುಣ್ಯಾತ್ಮ ಯಾರೋ!

ದೊಡ್ಡಪ್ಪ ಹೋಗಿ ಕಲ್ಲು ವಾಪಸ್ ಕೇಳಿದರು. ಫೋಟೊ ಆಗಲೇ ಅಚ್ಚಿಗೆ ಹೋಗಿದೆ ಎಂದರು ಸಮಿತಿಯ ಅಧ್ಯಕ್ಷರು.

ನೀರು ಮತ್ತೆ ಬಿಡುವ ಹೊತ್ತಿಗೆ ಪೈರು ತೆನೆ ಕಟ್ಟುತ್ತಿತ್ತು. ಈಗ ನೀರು ತಪ್ಪಿದರೆ ಕೆಳಗಿನ ಹೊಲಗಳಲ್ಲಿ ಬರೀ ಜೊಳ್ಳು. ನೀರು ಇಳಿದಿದೆ ಎಂದರು ಕೆಳಗಿನವರು, ಇನ್ನೂ ಇಳಿದಿಲ್ಲ ಎಂದರು ಮೇಲಿನವರು. ಮೇಲೆ ನಮ್ಮ ಅತ್ತೆಯ, ಅಂದರೆ ದೊಡ್ಡಪ್ಪನ ಸ್ವಂತ ತಂಗಿಯ ಹೊಲ ಬೇರೆ ಇದೆ. ಅದಕ್ಕೇ ಗೇಟು ಮುಚ್ಚಲು ತಡ ಮಾಡುತ್ತಾರೆಂದು ಮಾತು ಹುಟ್ಟಿತು. ಒಂದು ಗಳಿಗೆಯೂ ಹೆಚ್ಚು ನೀರು ಬಿಡಲಿಲ್ಲವೆಂದು ಎರಡು ವರ್ಷ ಅಣ್ಣನ ಜೊತೆ ಮಾತು ಬಿಟ್ಟಿದ್ದವಳು ನಮ್ಮ ಅತ್ತೆ. ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ದೊಡ್ಡಪ್ಪ ವಾದಕ್ಕಿಳಿಯಲಿಲ್ಲ. ಪಂಚೆ ಎತ್ತಿ ಕಟ್ಟಿ ಕಲ್ಲಿದ್ದ ಜಾಗದಲ್ಲೇ ನೀರಿಗಿಳಿದು ನಿಂತರು. ಅಲ್ಲೇ ನಿಂತು ನಲವತ್ತು ವರ್ಷ ಕಳೆ ತೆಗೆದವರು; ಗೀಟು ತಮ್ಮ ಮೊಣಕಾಲಿನ ಮಟ್ಟಕ್ಕೆ ಬರುತ್ತಿತ್ತೆಂದು ಅವರಿಗೆ ಗೊತ್ತು. ಎರಡೂ ಕಡೆಯಿಂದ ಒಬ್ಬೊಬ್ಬರು ಬಂದು ನೋಡಿ ಎಂದರು. ಮೂರು ದಿನ ಬೆಳಿಗ್ಗೆ ಸಂಜೆ ಹಾಗೇ ನಡೆಯಿತು. ಎಪ್ಪತ್ತು ದಾಟಿದ ಜೀವ, ತಣ್ಣೀರಲ್ಲಿ.

ನಾಲ್ಕನೆಯ ದಿನ ಕೆಳಗಿನ ಹೊಲದವನೊಬ್ಬ ದಡದಲ್ಲಿ ನಿಂತು ಹೇಳಿದ: "ಕಲ್ಲು ಬಗ್ತಿರ್ಲಿಲ್ಲ. ನೀವು ಮೊಣಕಾಲು ಬಗ್ಗಿಸ್ತಿಲ್ಲ ಅಂತ ಏನು ಗ್ಯಾರಂಟಿ?"

ದೊಡ್ಡಪ್ಪ ದಡ ಹತ್ತಿದರು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಹಿಡಿದು, ಒದ್ದೆ ಕಾಲಲ್ಲೇ ಆಫೀಸಿಗೆ ನಡೆದರು. ಸಮಿತಿಯವರೆಲ್ಲ ಹೊಸ ಪುಸ್ತಕ ತಿರುವಿಹಾಕುತ್ತಿದ್ದರು. ದೊಡ್ಡಪ್ಪ ಹ್ಯಾಂಡಲನ್ನು ಮೇಷ್ಟ್ರ ಮುಂದೆ ಹಿಡಿದರು.

"ಊರಿನ ವಿಷಯ ಎಲ್ಲಾ ತಿಳಿದವರು ನೀವು. ಇವತ್ತಿಂದ ನೀರೂ ನೀವೇ ಹಂಚಿ."

ಮೇಷ್ಟ್ರು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಫೋನಿನೊಳಗೆ ಮುಖ ಹುದುಗಿಸಿದರು. ಒಬ್ಬನಾದರೂ ಕೈ ಚಾಚಲಿಲ್ಲ. ದೊಡ್ಡಪ್ಪ ಹಿಡಿದೇ ನಿಂತಿದ್ದರು. ಕೊನೆಗೆ ಗೋಡೆಯ ಗಡಿಯಾರ ನೋಡಿ ಹ್ಯಾಂಡಲನ್ನು ಕಂಕುಳಿಗೆ ಸೇರಿಸಿಕೊಂಡರು.

"ಮೇಲಿನವರ ಗೇಟು ಮುಚ್ಚೋ ಹೊತ್ತಾಯ್ತು, ಕೆಳಗಿನವರಿಗೆ ನೀರು ಹೋಗ್ಬೇಕು" ಎಂದು ಹೊರಟರು.