ಕೊನೆಯ ಪುಟದ ಸೀಲು

ಮೇಡಂ ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣದಲ್ಲಿರುತ್ತಿತ್ತು. ಉಗುರಿನ ಬುಡದಲ್ಲಿ ಬಣ್ಣ ಇನ್ನೂ ಗಾಢ. ಸೀಲು ಒತ್ತುವ ಪ್ಯಾಡಿನ ಶಾಯಿ ಅದು. ನಿಂಬೆಸಿಪ್ಪೆ, ಸೀಮೆಎಣ್ಣೆ ಎಲ್ಲ ತಿಕ್ಕಿ ನೋಡಿ ಕೈಬಿಟ್ಟಿದ್ದರು. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಆ ಬೆರಳನ್ನೇ ನೋಡಿದರೆ, "ವೋಟು ಹಾಕಿದ್ದು ಮಾರಾಯ್ರೆ, ಶಾಯಿ ಹಚ್ಚೋರು ಬೆರಳು ತಪ್ಪಿಬಿಟ್ರು" ಎಂದು ನಗದೆ ಹೇಳುತ್ತಿದ್ದರು.

ಅವರು ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿ. ನಾನು ಅವರ ಸಹಾಯಕಿ. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ಬಂದು ಇಳಿಯುವಾಗಲೇ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಓದಿದರೆ ಅವರಿಗೆ ತಲೆ ತಿರುಗುತ್ತಿತ್ತು. ಓದದೆ ಕಳೆದ ಆ ಹೊತ್ತಿನ ಸಿಟ್ಟೆಲ್ಲ ನನ್ನ ಮೇಲೆ. "ಕಿಟಕಿ ಯಾಕೆ ತೆಗೀಲಿಲ್ಲ, ಪೇಪರ್ ಯಾಕೆ ಹಾಕ್ಲಿಲ್ಲ?" ಅಷ್ಟಾದ ಮೇಲೆ, "ತಿಂಡಿ ಆಯ್ತಾ?"

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಆ ಕೆಲಸಕ್ಕೆ ಸೇರಿದವಳು. ಧೂಳು ಹೊಡೆಯುವುದು, ಬಂದ ಪುಸ್ತಕ ಕಪಾಟಿಗೆ ಸೇರಿಸುವುದು ನನ್ನ ಕೆಲಸ. ಅಷ್ಟು ವರ್ಷ ಪುಸ್ತಕಗಳ ನಡುವೆ ಇದ್ದರೂ ಒಂದನ್ನೂ ಪೂರ್ತಿ ಓದಿರಲಿಲ್ಲ. ನನಗೆ ಅವುಗಳ ಬೆನ್ನು ಮಾತ್ರ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ದೊಡ್ಡ ಪೆಟ್ಟಿಗೆಯೊಂದು ಬಂತು. ಒಳಗೆ ಚಿತ್ರಕಾದಂಬರಿಗಳು. ಇಡೀ ಕಥೆ ಚಿತ್ರಗಳಲ್ಲೇ ನಡೆಯುವಂಥವು, ಮಾತು ಬಲೂನಿನೊಳಗೆ ನಾಲ್ಕೇ ನಾಲ್ಕು. ಕೆಲವು ಕನ್ನಡದವು, ಉಳಿದವು ಇಂಗ್ಲಿಷಿನವು. ಒಂದೊಂದರದೂ ಎರಡು ಪ್ರತಿ. ಪರಿಶೀಲನೆಗೆಂದು ಕಳಿಸಿದ್ದರು. ಪುಸ್ತಕ ಆಯ್ಕೆ ಸಮಿತಿ ಒಪ್ಪಿದರೆ ಇಟ್ಟುಕೊಳ್ಳಬೇಕು, ಬೇಡವೆಂದರೆ ಪೆಟ್ಟಿಗೆ ಕಟ್ಟಿ ವಾಪಸ್ಸು ಕಳಿಸಬೇಕು. ಒಮ್ಮೆ ವಾಪಸ್ಸು ಹೋದರೆ ಅಂಥವು ನಮ್ಮ ಕಡೆಗೆ ಮತ್ತೆ ಬರುವುದಿಲ್ಲ ಎಂಬುದು ಮೇಡಂಗೆ ಗೊತ್ತಿತ್ತು.

ಅವರಿಗೆ ಆ ಪುಸ್ತಕಗಳು ಬೇಕಾಗಿದ್ದವು. ಯಾಕೆಂದರೆ ನಮ್ಮಲ್ಲಿಗೆ ಬರುವವರಲ್ಲಿ ಅರ್ಧ ಜನ ಓದಲು ಬರುತ್ತಿರಲಿಲ್ಲ. ರಿಪ್ಪನ್‌ಪೇಟೆ ಬಸ್ಸಿಗೆ ಕಾಯುವ ಹೆಂಗಸರು ಫ್ಯಾನಿನ ಕೆಳಗೆ ಕೂರಲು ಬರುತ್ತಿದ್ದರು. ಡ್ರೈವರುಗಳು ಪೇಪರಿನ ಚಿತ್ರ ನೋಡಲು ಬರುತ್ತಿದ್ದರು. ಕಾದಂಬರಿಯ ಕಪಾಟಿನ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. "ಇವ್ರೆಲ್ಲ ಬಾಗ್ಲ ತನಕ ಬಂದು ನಿಂತಿದ್ದಾರೆ. ಒಳಗೆ ಕರೆಯೋದಕ್ಕೆ ನಮ್ಮ ಹತ್ರ ಏನಿದೆ?" ಎನ್ನುತ್ತಿದ್ದರು ಮೇಡಂ.

ಹಾಗೆಂದು ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿಕೊಳ್ಳುವವರಲ್ಲ. ಮೊದಲು ಪುಸ್ತಕವನ್ನು ನಡುವೆ ಬಿಡಿಸಿ ಮೇಜಿನ ಮೇಲೆ ಬೋರಲು ಒತ್ತುತ್ತಿದ್ದರು. ಬೈಂಡಿಂಗ್ ಕಿರ್ ಎಂದರೆ ಅದಕ್ಕೊಂದು ಮುಖ ಸಿಂಡರಿಸುವುದು. ನಯವಾದ ಹಾಳೆ ಆಷಾಢದ ತಂಡಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆಂದು ಒಂದು ಮೂಲೆಯನ್ನು ಒದ್ದೆ ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಬಳಿಕ ಮಾತಿನ ಬಲೂನುಗಳ ಮೇಲೆ ರಟ್ಟಿನ ಚೂರು ಅಡ್ಡ ಹಿಡಿದು ಬರೀ ಚಿತ್ರ ಓದುವುದು. ಇದೆಲ್ಲ ಮುಗಿದ ಮೇಲೆ ಅವರದೇ ಆದ ಒಂದು ಪರೀಕ್ಷೆ. ಒಂದು ಪುಸ್ತಕವನ್ನು ಇಬ್ಬರಿಗೆ ಕೊಡುವುದು, ಇಬ್ಬರಿಂದಲೂ ಬೇರೆಬೇರೆಯಾಗಿ ಕಥೆ ಕೇಳುವುದು.

ಆ ಇಬ್ಬರಲ್ಲಿ ಒಬ್ಬಳು ನಾನು. ಇನ್ನೊಬ್ಬಳು ಎದುರಿನ ಹೋಟೆಲಿನ ಅಕ್ಕ. ಮೊದಲ ಪುಸ್ತಕದಲ್ಲಿ ಬರೀ ಹೊಡೆದಾಟ. ನಾನು ಹೇಳಿದ ಕಥೆಯನ್ನೇ ಹೋಟೆಲಿನ ಅಕ್ಕನೂ ಹೇಳಿದಳು.

"ಇಬ್ರೂ ಒಂದೇ ಹೇಳ್ತೀರಲ್ಲ. ಹಂಗಾದ್ರೆ ಇದ್ರಲ್ಲಿ ಏನಿಲ್ಲ. ಕಳಿಸು" ಎಂದರು ಮೇಡಂ.

ಇನ್ನೊಂದು ಪುಸ್ತಕ ಅಕ್ಕತಂಗಿಯರದು. ತಂಗಿ ಮದುವೆಗೆ ಹೋಗದೆ ಅಕ್ಕ ಮನೆಯಲ್ಲೇ ಕೂತು ಸೀರೆ ಮಡಿಸುವ ಚಿತ್ರವೊಂದಿತ್ತು. ಅವಳಿಗೆ ಹೊಟ್ಟೆಕಿಚ್ಚು ಎಂದೆ ನಾನು.

"ಹೊಟ್ಟೆಕಿಚ್ಚಂತೆ! ಅವ್ಳ ಕೈ ನೋಡೇ, ಎಷ್ಟು ಚಂದ ಮಾಡಿ ಮಡಿಸ್ತಾಳೆ! ಅದು ತಂಗಿಗೆ ಕೊಡೋ ಸೀರೆ. ನಿಂಗೆ ಅಕ್ಕ ಇಲ್ಲ, ಎಂತ ಗೊತ್ತಾಗ್ತದೆ?" ಎಂದಳು ಹೋಟೆಲಿನ ಅಕ್ಕ. ಮಧ್ಯಾಹ್ನದ ಊಟದ ಹೊತ್ತಿಗೆ ಒಲೆಯ ಮೇಲೆ ಸಾರು ಬಿಟ್ಟು ಬಂದವಳು ಜಗಳ ಮುಗಿಸದೆ ಹೋಗಲಿಲ್ಲ.

ಮೇಡಂ ಕೈ ಉಜ್ಜಿಕೊಂಡು ಹೇಳಿದರು: "ಜಗಳ ಬಂತಲ್ಲ. ಇಡು."

'ಇಡು', 'ಕಳಿಸು'. ಅವರ ತೀರ್ಪು ಎಂದರೆ ಅಷ್ಟೇ.

ಪೆಟ್ಟಿಗೆಯಲ್ಲಿ ಅವರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಒಬ್ಬ ಅಂಬಿಗನ ಕಥೆ. ಅಣೆಕಟ್ಟಿನ ನೀರು ಏರುತ್ತಿದೆ. ಊರವರು ಸಾಮಾನು ಲಾರಿಗೆ ಹೇರಿ ಹೊರಡುತ್ತಿದ್ದಾರೆ. ದೋಣಿ ನಡೆಸುವವನು ಮಾತ್ರ ಬೀಡಿ ಸೇದುತ್ತ ತನ್ನ ಗುಡಿಸಲಲ್ಲಿ ಕೂತಿದ್ದಾನೆ, ಬರುತ್ತೇನೆ ಎಂದೂ ಹೇಳುವುದಿಲ್ಲ, ಬರುವುದಿಲ್ಲ ಎಂದೂ ಹೇಳುವುದಿಲ್ಲ. ಕೊನೆಯ ಪುಟ ತುಂಬ ಒಂದೇ ಚಿತ್ರ. ಹೊಸಿಲವರೆಗೆ ಬಂದ ನೀರು, ತೆರೆದ ಬಾಗಿಲು, ಒಳಗೆ ಕತ್ತಲೆ. ಒಂದು ಅಕ್ಷರವೂ ಇಲ್ಲ.

ಆ ಪುಟದಲ್ಲೇ ಎಡವಟ್ಟಾಯಿತು. ಗ್ರಂಥಾಲಯದ ಪುಸ್ತಕಕ್ಕೆ ಮೊದಲ ಪುಟದಲ್ಲೂ ಕೊನೆಯ ಪುಟದಲ್ಲೂ ದುಂಡು ಸೀಲು ಬೀಳಬೇಕು. ಕಾದಂಬರಿಯ ಕೊನೆಯ ಪುಟದಲ್ಲಿ ಅರ್ಧ ಜಾಗ ಖಾಲಿ ಇರುತ್ತದೆ, ಅಲ್ಲಿ ಒತ್ತಿದರೆ ಯಾರಿಗೂ ತೊಂದರೆಯಿಲ್ಲ. ಅವತ್ತು ಮೇಡಂ ಹಳೆಯ ಕಾದಂಬರಿಗಳ ಕಟ್ಟಿಗೆ ಸೀಲು ಹಾಕುತ್ತ ನನ್ನೊಂದಿಗೆ ಮಾತಾಡುತ್ತಿದ್ದರು. ಮೇಜಿನ ಮೇಲಿದ್ದ ಅಂಬಿಗನ ಪುಸ್ತಕವೂ ಕೈಗೆ ಬಂತು. ಅಭ್ಯಾಸದ ಕೈ ಕೊನೆಯ ಪುಟ ತಿರುವಿ ಟಪ್ ಎಂದು ಒತ್ತಿಬಿಟ್ಟಿತು, ಸರಿಯಾಗಿ ಗುಡಿಸಲಿನ ಬಾಗಿಲ ಮೇಲೆ.

"ಅಯ್ಯೋ, ಬಾಗ್ಲಿಗೇ ಬೀಗ ಹಾಕಿದ ಹಂಗಾಯ್ತಲ್ಲೇ!" ಎಂದರು. ಮುಖ ಸಣ್ಣದಾಗಿತ್ತು. ಸೀಲು ಬಿದ್ದ ಪುಸ್ತಕ ವಾಪಸ್ಸು ಕಳಿಸಲು ಬರುವುದಿಲ್ಲ. ಸಮಿತಿ ಒಪ್ಪುವ ಮೊದಲೇ ಸೀಲು ಹಾಕಿದರೆಂದು ದೂರು ಬೇರೆ ಬರುತ್ತದೆ.

ಸಮಿತಿಯಲ್ಲಿ ಮಾತು ನಡೆಯುತ್ತಿದ್ದುದು ಇಬ್ಬರದು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು. ಇನ್ನೊಬ್ಬರು ವಕೀಲರು, ಅದೇ ಮಾಸ್ತರರ ಹಳೆಯ ಶಿಷ್ಯ. ಇಬ್ಬರಿಗೂ ಯಾವುದರಲ್ಲೂ ಹೊಂದಿಕೆಯಿಲ್ಲ. ಆದರೆ ಚಿತ್ರಕಾದಂಬರಿ ಎಂದ ಕೂಡಲೇ ಮೊದಲ ಬಾರಿಗೆ ಒಂದಾಗಿದ್ದರು. "ಚಿತ್ರ ನೋಡೋದು ಅಕ್ಷರ ಬರದ ಮಕ್ಕಳ ಕೆಲಸ. ಸಾರ್ವಜನಿಕರ ಗ್ರಂಥಾಲಯಕ್ಕೆ ಇದೆಲ್ಲ ಬೇಡ" ಎಂದಿದ್ದರು ಮಾಸ್ತರು. "ಇದೊಂದು ವಿಷಯಕ್ಕೆ ಮೇಷ್ಟ್ರ ಪರ ನಾನು ವಕಾಲತ್ತು ಹಾಕ್ತೀನಿ" ಎಂದಿದ್ದರು ವಕೀಲರು.

ಸಭೆಗೆ ಮೊದಲು ಸದಸ್ಯರ ಮನೆಗೆ ಪುಸ್ತಕ ತಲುಪಿಸುವುದು ವಾಡಿಕೆ. ಮೇಡಂ ಅಂಬಿಗನ ಪುಸ್ತಕದ ಎರಡೂ ಪ್ರತಿ ತೆಗೆದರು. ಶುದ್ಧವಾಗಿದ್ದುದು ವಕೀಲರಿಗೆ, ಸೀಲು ಬಿದ್ದದ್ದು ಮಾಸ್ತರರಿಗೆ.

ನಾನು ಹೆದರಿದೆ. "ಮೇಡಂ, ಅದು ಬ್ಯಾಡ. ಸೀಲು ನೋಡಿದ್ರೆ ಅವ್ರು ಬಯ್ತಾರೆ."

"ಬಯ್ಲಿ ಮಾರಾಯ್ತಿ. ಬಯ್ಬೇಕಾದ್ರೆ ಕೊನೇ ಪುಟದ ತನಕ ಹೋಗ್ಬೇಕಲ್ಲ."

ಸಭೆಯ ದಿನ ಮಾಸ್ತರು ಕೊಡೆ ಮಡಿಸುವ ಮೊದಲೇ ಶುರು ಮಾಡಿದರು. "ಏನ್ರೀ ಮೇಡಂ ಇದು? ಯಾರನ್ನ ಕೇಳಿ ಸೀಲು ಹಾಕಿದ್ರಿ?"

"ತಪ್ಪಾಯ್ತು ಸರ್. ಕೈತಪ್ಪಿ ಬಿತ್ತು."

"ಬಿದ್ದಿದ್ದು ಬಿತ್ತು, ಬಾಗ್ಲ ಮೇಲೆ ಬೀಳ್ಬೇಕಿತ್ತಾ? ಇಡೀ ಪುಸ್ತಕ ಅವ್ನು ಹೋಗ್ತಾನೋ ಇಲ್ವೋ ಅಂತ ಕಾಯ್ಸಿ ಕಾಯ್ಸಿ, ಕೊನೇಲಿ ನಿಮ್ಮ ಗ್ರಂಥಾಲಯದ ಹೆಸ್ರು ಓದ್ಬೇಕಾ ನಾನು?"

ನಾನು ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದೆ. ಮೇಡಂ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು.

ವಕೀಲರು ತಮ್ಮ ಪ್ರತಿ ತೆರೆದರು. "ಯಾಕೆ ಅಷ್ಟು ಬಿಸಿ ಆಗ್ತೀರಿ ಮೇಷ್ಟ್ರೆ? ನನ್ನದ್ರಲ್ಲಿ ಚೆನ್ನಾಗಿ ಕಾಣ್ತದೆ. ಒಳಗೆ ಯಾರೂ ಇಲ್ಲ. ಹೋಗಿಬಿಟ್ಟಿದ್ದಾನೆ."

"ಹೋಗಿದ್ದಾನಾ? ಕೊಡಿ ಇಲ್ಲಿ."

"ನಾನೇ ಹೇಳ್ತಿದ್ದೀನಲ್ಲ."

"ನೀನು ಏಳನೇ ಕ್ಲಾಸಲ್ಲೂ ಪ್ರಶ್ನೆ ಪೂರ್ತಿ ಓದದೇ ಉತ್ತರ ಬರೀತಿದ್ದೆ. ಕೊಡು!" ಮಾಸ್ತರು 'ನೀವು' ಬಿಟ್ಟು 'ನೀನು' ಹಿಡಿದಿದ್ದರು. ಕುರ್ಚಿಯಿಂದ ಎದ್ದು, ಮೇಜು ಸುತ್ತಿ ಬಂದು, ಪುಸ್ತಕ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹೋದರು. "ಏ ಹುಡುಗಿ, ಆ ಭೂತಗನ್ನಡಿ ತಾ" ಎಂದು ನನ್ನನ್ನು ಕೂಗಿದರು. ಮುದುಕರು ಪೇಪರ್ ಓದುವ ಭೂತಗನ್ನಡಿ ಅದು. ಓಡಿ ತಂದುಕೊಟ್ಟೆ.

ಬಾಗಿಲ ಕತ್ತಲೆಯೊಳಗೆ ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕೆಯಿತ್ತು.

"ಬೀಡಿ! ಬೀಡಿ ಕಿಡಿ ಇದು! ಒಳಗೇ ಇದ್ದಾನೆ ಅವ್ನು!" ಎಂದರು ಮಾಸ್ತರು.

"ಎಂತದ್ದು ಬೀಡಿ? ಪ್ರಿಂಟ್ ಮಾಡುವಾಗ ಬಿಟ್ಟುಹೋದ ಚುಕ್ಕೆ ಅದು. ಸಾಕ್ಷಿ ಆಗೋದಿಲ್ಲ."

"ಎಲ್ಲಾ ಪುಟದಲ್ಲೂ ಅವ್ನ ಬಾಯಲ್ಲಿ ಬೀಡಿ ಇದೆ. ಕೊನೇದ್ರಲ್ಲಿ ಮಾತ್ರ ಪ್ರಿಂಟಿನ ಚುಕ್ಕೆಯಾ?"

"ಹಂಗಾದ್ರೆ ದೋಣಿ ಎಲ್ಲಿ? ಕಟ್ಟೋ ಗೂಟ ಇದೆ, ದೋಣಿ ಇಲ್ಲ. ಹೇಳಿ ಮೇಷ್ಟ್ರೆ, ದೋಣಿ ಎಲ್ಲಿ?"

ಗಲಾಟೆಗೆ ಓದುವ ಕೋಣೆಯಲ್ಲಿದ್ದವರೆಲ್ಲ ಬಂದರು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಮಾಸ್ತರರ ತೋಳಿನಡಿಯಿಂದ ಇಣುಕಿ, "ನೀರು ಬಂದ್ಮೇಲೆ ಒಳಗೆ ಕೂತು ಯಾರಾದ್ರೂ ಬೀಡಿ ಸೇದ್ತಾರಾ?" ಎಂದಳು. "ಅವ್ನು ಅಂಬಿಗ ಕಣಮ್ಮ, ನೀರಿಗೆ ಹೆದರ್ತಾನಾ?" ಎಂದ ಒಬ್ಬ ಡ್ರೈವರ್. ಎಂದೂ ಪುಸ್ತಕ ಮುಟ್ಟದವನು, "ಮೊದ್ಲಿಂದ ಕೊಡಿ, ನೋಡ್ತೀನಿ" ಎಂದು ಕೈಚಾಚಿದ.

ಮೇಡಂ ಕೂತಲ್ಲೇ ಕೂತಿದ್ದರು. ಗದ್ದಲ ಸ್ವಲ್ಪ ತಗ್ಗಿದಾಗ ಮೆಲ್ಲಗೆ ಕೇಳಿದರು: "ಸರ್, ಈ ಪೆಟ್ಟಿಗೆ ಕಟ್ಟಿ ಕಳಿಸ್ಬಿಡೋದಾ?"

"ಕಳಿಸೋದಾ!" ಮಾಸ್ತರು ತಿರುಗಿದರು. "ಇದು ತೀರ್ಮಾನ ಆಗೋ ತನಕ ಒಂದು ಪುಸ್ತಕನೂ ಈ ಕಟ್ಟಡ ಬಿಟ್ಟು ಹೋಗ್ಬಾರ್ದು."

ವಕೀಲರು ಅಷ್ಟೇ ಜೋರಾಗಿ, "ಅದಕ್ಕೆ ನಂದೂ ಒಪ್ಪಿಗೆ ಇದೆ" ಎಂದರು.

ಹೇಳಿಯಾದ ಮೇಲೆ ತಾವು ಏನು ಹೇಳಿದೆವೆಂದು ಇಬ್ಬರಿಗೂ ಹೊಳೆಯಿತು. ಮೊದಲು ನಕ್ಕವರು ಮಾಸ್ತರು. ಆಮೇಲೆ ಇಡೀ ಕೋಣೆ ನಕ್ಕಿತು. ಹೋಟೆಲಿನ ಅಕ್ಕ ರಸ್ತೆ ದಾಟಿ ಬಂದು, "ಎಂತ ಆಯ್ತೇ, ಎಂತ ಆಯ್ತು?" ಎಂದು ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು.

ಎಲ್ಲರೂ ಹೋದ ಮೇಲೂ ಮಾಸ್ತರು ಆ ಪುಸ್ತಕ ಹಿಡಿದು ಕೂತಿದ್ದರು. ಅವರು ಶರಾವತಿ ಮುಳುಗಡೆಯವರು, ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದವರು. "ನಮ್ಮೂರಲ್ಲೂ ಒಬ್ಬ ಅಂಬಿಗ ಇದ್ದ ಮೇಡಂ. ಲಾರಿ ಮೇಲೆ ಕೂತು ತಿರುಗಿ ನೋಡಿದ್ದೆ, ಸಣ್ಣೋನು ನಾನು. ಅವ್ನು ಎಲ್ಲಿಗೆ ಹೋದ ಅಂತ ಅಪ್ಪನ್ನ ಕೇಳಿದ್ರೆ ಹೇಳ್ಲಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ಬೀಡಿನೇ ಅದು" ಎಂದು ಮತ್ತೊಮ್ಮೆ ಹೇಳಿ ಎದ್ದರು.

ದೊಡ್ಡವರ ಕಾದಂಬರಿಗಳ ಪಕ್ಕದಲ್ಲೇ, ಕಣ್ಣಿನ ಮಟ್ಟಕ್ಕೆ, ಚಿತ್ರಕಾದಂಬರಿಗೆ ಜಾಗವಾಯಿತು. ಮಕ್ಕಳ ಕಪಾಟಿನಲ್ಲಿಡಲು ಮೇಡಂ ಒಪ್ಪಲಿಲ್ಲ. ಡ್ರೈವರುಗಳು ಕೊಂಡುಹೋದರು. ಬಸ್ಸಿಗೆ ಕಾಯುವವರು ಬಸ್ಸು ತಪ್ಪಿಸಿಕೊಂಡರು. ಅಂಬಿಗನ ಬಗ್ಗೆ ಹೋಟೆಲಿನಲ್ಲಿ ದೋಸೆ ಕಾಯುತ್ತ ಜಗಳ ಮುಂದುವರಿಯಿತು. ಸಾಗರದಿಂದಲೂ ತೀರ್ಥಹಳ್ಳಿಯಿಂದಲೂ ಗ್ರಂಥಾಲಯದವರು ನೋಡಲು ಬಂದರು, ಆಯ್ಕೆ ಹೇಗೆ ಮಾಡಿದಿರಿ ಎಂದು ಕೇಳಿದರು. ಮೇಡಂ ನನ್ನನ್ನು ಮುಂದೆ ತಳ್ಳಿ, "ಇವಳನ್ನ ಕೇಳಿ. ಇವಳ ಹತ್ರ ಜಗಳ ಆಡಿ ಗೆದ್ದ ಪುಸ್ತಕ ಮಾತ್ರ ಒಳಗೆ ಬರೋದು" ಎಂದರು. ಅವತ್ತು ನಾನು ಮನೆಗೆ ನಡೆದುಹೋದ ನಡಿಗೆಯೇ ಬೇರೆ.

ಆಮೇಲೆ ಅವರೊಂದು ನಿಯಮ ಮಾಡಿದರು. ಚಿತ್ರಕಾದಂಬರಿಗೆ ಸೀಲು ಹಾಕುವ ಮೊದಲು ಇಡೀ ಪುಸ್ತಕ ಓದಬೇಕು. "ಕಥೆ ಗೊತ್ತಿಲ್ದೆ ಎಲ್ಲಿ ಒತ್ಬಾರ್ದು ಅಂತ ಹೇಗೆ ಗೊತ್ತಾಗ್ತದೆ?" ಎಂದು ಹೇಳಿ ಸೀಲನ್ನು ನನ್ನ ಕೈಗೆ ಕೊಟ್ಟರು. ಮೂಲೆಯಲ್ಲಿ ಮೋಡವೋ, ಖಾಲಿ ಗೋಡೆಯೋ ಹುಡುಕುತ್ತ ನಾನು ಒಂದಾದ ಮೇಲೊಂದು ಓದಿದೆ. ಚಿತ್ರದ್ದು ಮುಗಿದು ಪಕ್ಕದ ಕಪಾಟಿಗೂ ಕೈಹಾಕಿದೆ. ಈಗ ಇದನ್ನು ಬರೆಯುತ್ತಿರುವುದೂ ಆ ಓದಿನ ಬಲದಿಂದಲೇ.

ಕಳೆದ ವರ್ಷ ಮೇಡಂ ಕಾಯಿಲೆ ಬಿದ್ದರು. ತೀರ್ಥಹಳ್ಳಿಯ ಆಸ್ಪತ್ರೆಗೆ ನೋಡಲು ಹೋದೆ. ಬಹಳ ಇಳಿದಿದ್ದರು. ಹೊದಿಕೆಯ ಮೇಲಿಟ್ಟ ಕೈಯಲ್ಲಿ ಹೆಬ್ಬೆರಳಿನ ಬಣ್ಣ ಮಾತ್ರ ಹಾಗೇ ಇತ್ತು. ನರ್ಸು ಸ್ಪಿರಿಟ್ ಹಾಕಿ ತಿಕ್ಕಿದರೂ ಹೋಗಲಿಲ್ಲವಂತೆ. ಅದನ್ನು ದೊಡ್ಡ ಗೆಲುವಿನಂತೆ ನನಗೆ ಹೇಳಿದರು. ಅಂಬಿಗ ಇದ್ದನೋ ಹೋದನೋ ಎಂದು ಅಷ್ಟು ಜನ ಜಗಳವಾಡಿದರೂ ಮೇಡಂ ತಮ್ಮ ಅಭಿಪ್ರಾಯ ಯಾರಿಗೂ ಹೇಳಿರಲಿಲ್ಲ. ನನಗೆ ಕೇಳದಿರಲಾಗಲಿಲ್ಲ.

"ಮೇಡಂ, ಅವ್ನು ಒಳಗಿದ್ನಾ, ಹೋಗಿದ್ನಾ?"

"ನೀ ಏನಂತಿ?"

"ಒಳಗೇ ಇದ್ದಾನೆ ಮೇಡಂ. ಬಿಟ್ಟು ಹೋಗೋ ಜಾತಿ ಅಲ್ಲ ಅವ್ನು" ಎಂದೆ.

ಮೇಡಂ ದಿಂಬಿಗೆ ಒರಗಿ ಸ್ವಲ್ಪ ಮೇಲೆದ್ದು ಕೂತರು.

"ಇಲ್ಲ. ಹೋಗಿದ್ದಾನೆ. ಬೀಡಿ ಹೊಸಿಲಲ್ಲಿ ಇಟ್ಟು ಹೋಗಿದ್ದಾನೆ, ಅದಿನ್ನೂ ಆರಿಲ್ಲ ಅಷ್ಟೆ."

"ಅದು ಹೆಂಗೆ ಮೇಡಂ? ನೀರು ಹೊಸಿಲಿಗೆ ಬಂದಿದೆಯಲ್ಲ, ಬೀಡಿ ಆರಿ ಹೋಗ್ತಿತ್ತು" ಎಂದು ನಾನು ಎಲ್ಲಿದ್ದೇನೆಂಬುದನ್ನೂ ಮರೆತು ವಾದಕ್ಕೆ ನಿಂತೆ.

ಮೇಡಂ ನಕ್ಕರು. ಆ ನೇರಳೆ ಹೆಬ್ಬೆರಳನ್ನು ನನ್ನ ಅಂಗೈಯ ನಡುವೆ ಮೆಲ್ಲಗೆ ಒತ್ತಿದರು.

"ನೋಡು, ಜಗಳ ಬಂತು" ಎಂದರು. "ಇಡು."