ಅಜ್ಜಿ ತಂದ ರೋಗಿ

ಒದ್ದೆ ಸೆರಗನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡು ಅಜ್ಜಿ ಗದ್ದೆಯಿಂದ ನೇರ ನನ್ನ ಮುಂದೆ ಬಂದು ನಿಂತಳು. ಬಿಚ್ಚಿ ತೋರಿಸಿದರೆ ಒಳಗೊಂದು ದಪ್ಪ ಕಪ್ಪೆ. ಹಿಂಗಾಲು ಜೋತುಬಿದ್ದಿತ್ತು.

“ಗುದ್ದಲಿ ತಾಗಿ ಕಾಲು ಮುರ್ದೋಗೈತೆ ಕಣವ್ವಾ. ನೀನು ಕಪ್ಪೆ ಓದೋಳಲ್ವಾ, ವಸಿ ವಾಸಿ ಮಾಡು.”

ಇನ್ನೂ ಹಳ್ಳಿಯಾಗಿದ್ದ, ಅರವತ್ತರ ದಶಕದ ಬ್ಯಾಟರಾಯನಪುರ ಅದು. ಬಿ.ಎಸ್ಸಿ. ಮುಗಿಸಿದರೂ ನನಗೆ ಮೆಡಿಕಲ್ ಸೀಟು ಸಿಕ್ಕಿರಲಿಲ್ಲ. ನನಗೆ ಇಷ್ಟವಿದ್ದದ್ದು ಸಸ್ಯಶಾಸ್ತ್ರ. ಆದರೆ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದರೆ ಮುಂದಿನ ಸಲ ಸಂದರ್ಶನದಲ್ಲಿ ತೂಕ ಬರುತ್ತದೆಂದು ಮೇಷ್ಟರು ಹೇಳಿದ್ದರಿಂದ ಅದಕ್ಕೇ ಸೇರಿದ್ದೆ. ಡಾಕ್ಟರಾಗಲು ಕಪ್ಪೆ ಓದಬೇಕು ಎಂದು ಅಜ್ಜಿಗೆ ಹೇಳಿದ್ದೆ. ಓದುವುದೆಂದರೆ ಕೊಯ್ಯುವುದು ಎಂದು ಹೇಳಲು ಬಾಯಿ ಬಂದಿರಲಿಲ್ಲ. ಮಳೆ ಬಾರದ ವರ್ಷ ದೇವರನ್ನು ಬೇಡಲು ಕಪ್ಪೆಯನ್ನು ಮಣೆಯ ಮೇಲಿಟ್ಟು, ತಲೆ ಮೇಲೆ ಹೊತ್ತು, ಮನೆಮನೆಯಲ್ಲೂ ನೀರು ಹೊಯ್ಯಿಸಿಕೊಂಡು ಬರುತ್ತಿದ್ದವಳು ಅವಳು.

ಕಪ್ಪೆಯ ಕಾಲಿನ ಒಂದೊಂದು ಮೂಳೆಯ ಹೆಸರೂ ನನಗೆ ಬಾಯಿಪಾಠ. ಮುರಿದದ್ದನ್ನು ಕೂಡಿಸಲು ಮಾತ್ರ ಯಾರೂ ಕಲಿಸಿರಲಿಲ್ಲ. ಪೊರಕೆಯಿಂದ ಒಂದು ಕಡ್ಡಿ ಎಳೆದು ಮುರಿದು, ಹಳೆ ಸೀರೆಯ ಅಂಚು ಹರಿದು ಹೇಗೋ ಕಟ್ಟು ಹಾಕಿದೆ. ಅಜ್ಜಿ ಅದನ್ನು ಬಾವಿಕಟ್ಟೆಯ ನೆರಳಿಗೆ ಬಿಟ್ಟು, ಕಪ್ಪೆಗೇ ಸಮಾಧಾನ ಹೇಳಿದಳು: “ದಾಕ್ಟ್ರಮ್ಮ ಕಟ್ಟವ್ಳೆ, ಇನ್ನೇನೂ ಆಗಾಕಿಲ್ಲ, ಓಗು.”

ಮೆಡಿಕಲ್ ಸೀಟು ನನಗೆ ಕೊನೆಗೂ ಸಿಗಲಿಲ್ಲ. ನಿವೃತ್ತಿಯವರೆಗೂ ಕಾಲೇಜಿನಲ್ಲಿ ಕಪ್ಪೆ ಕೊಯ್ಯುವುದನ್ನೇ ಕಲಿಸಿದೆ. ನನ್ನನ್ನು ದಾಕ್ಟ್ರಮ್ಮ ಎಂದವಳು ಅಜ್ಜಿಯೊಬ್ಬಳೇ. ಅದೂ ಒಂದು ಕಪ್ಪೆಯ ಎದುರಿಗೆ.