ತಳ ನೋಡುವ ಸರೋಜಾ ಆಂಟಿ

ಯಾರ ಮನೆಯಲ್ಲಾದರೂ ಸರಿ, ಸರೋಜಾ ಆಂಟಿ, ಹಿಟ್ಟಿನ ಹೊದಿಕೆಯೊಳಗೆ ಹೂರಣವಿಟ್ಟು ಬೇಯಿಸಿದ ಪೈ ಬಾಯಿಗಿಡುವ ಮೊದಲು ಅದರ ಗಾಜಿನ ತಟ್ಟೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ತಳ ನೋಡುತ್ತಿದ್ದರು. ಮಾಡಿ ತಂದವರು ಎದುರಿಗೇ ನಿಂತಿದ್ದರೂ ದಾಕ್ಷಿಣ್ಯವಿಲ್ಲ. ತಳ ಹೊಂಬಣ್ಣಕ್ಕೆ ತಿರುಗಿದ್ದರೆ "ಬೆಂದಿದೆ" ಎಂದು ಕೆಳಗಿಳಿಸುವರು. ಬೆಳ್ಳಗಿದ್ದರೆ ಮಾತಿಲ್ಲ, ಮೇಲಿನದನ್ನಷ್ಟೇ ಕೆರೆದುಕೊಂಡು ತಿನ್ನುವರು. "ಹೂರಣ ಯಾರು ಬೇಕಾದ್ರೂ ಮಾಡ್ತಾರೆ ಕಣೇ. ಕೈ ಗೊತ್ತಾಗೋದು ಕಣಕದಲ್ಲಿ" ಎನ್ನುವುದು ಅವರ ಸಿದ್ಧಾಂತ. ಪೈಯ ಹೊರಹಿಟ್ಟಿಗೆ ಕ್ರಸ್ಟ್ ಎಂಬ ಹೆಸರಿದೆ ಎನ್ನುವುದನ್ನು ಮೈಸೂರಿನ ಆ ಹೆಂಗಸು ಅಮೆರಿಕದ ಷಾರ್ಲಟ್‌ನಲ್ಲಿ ಅರ್ಧ ಆಯುಷ್ಯ ಕಳೆದ ಮೇಲೂ ಒಪ್ಪಿರಲಿಲ್ಲ.

ನಾನು ಅದೇ ಊರಿನ ಬಡಾವಣೆಯಾದ ಬ್ಯಾಲಂಟೈನ್‌ಗೆ ಬಂದದ್ದು ಕೋವಿಡ್ ಇಳಿಯುತ್ತಿದ್ದ ಕಾಲದಲ್ಲಿ, ಒಬ್ಬಳೇ. ಪೈ ಎಂದರೆ ಸಿಹಿ ಎಂದು ನಂಬಿದ್ದವಳು ಉಪ್ಪಿನ ಪೈಗಳನ್ನು ಕಂಡು ತಬ್ಬಿಬ್ಬಾದೆ. ಮುಚ್ಚಿದ ಹಿಟ್ಟಿನೊಳಗೆ ಬಟಾಣಿಯಿದೆಯೋ ಕೋಳಿಯಿದೆಯೋ ಬಲ್ಲವರಾರು? ತಿಳಿಯುವ ಆಸೆ, ಕೇಳಲು ಸಂಕೋಚ. ನಮ್ಮ ಕಾಲೊನಿಯ ಪಾಟ್‌ಲಕ್‌ನಲ್ಲಿ, ಪ್ರತಿ ಮನೆಯವರೂ ಒಂದೊಂದು ಅಡುಗೆ ತರುವ ಆ ಊಟದಲ್ಲಿ, ಮೂಲೆ ಹಿಡಿದು ಚಿಪ್ಸ್ ಕುರುಕುತ್ತಿದ್ದೆ. ಊರಿನಿಂದ ಅಮ್ಮನ ಫೋನ್ ಬಂತು. "ಹೂಂ ಅಮ್ಮ, ಎಲ್ಲರ ಜೊತೆ ಹೊಟ್ಟೆ ತುಂಬ ತಿಂದೆ" ಎಂದು ಹೇಳಿ ಇಟ್ಟೆ. ಬೆನ್ನ ಹಿಂದಿನಿಂದ ಕನ್ನಡ ಕೇಳಿಸಿತು.

"ಅಮ್ಮನ ಹತ್ರ ಇಷ್ಟು ಚೆನ್ನಾಗಿ ಸುಳ್ಳು ಹೇಳೋಕೆ ಎಲ್ಲಿ ಕಲ್ತೆ? ಬಾ ಇಲ್ಲಿ."

ಸರೋಜಾ ಆಂಟಿ ಕೈ ಹಿಡಿದು ಎಳೆದುಕೊಂಡು ಹೋಗಿ ಒಂದು ಪೈಯ ಮುಂದೆ ನಿಲ್ಲಿಸಿದರು. ಅದರ ಮೇಲೆ ಹಿಟ್ಟಿನಲ್ಲಿ ಮಾಡಿದ ಪುಟ್ಟ ಚೌಕ, ಚೌಕದ ನಡುವೆ ಒಂದು ಚುಕ್ಕಿ. ನಮ್ಮೂರಿನ ಬಿಸ್ಕತ್ ಪೊಟ್ಟಣದ ಮೇಲಿರುವ ಸಸ್ಯಾಹಾರದ ಗುರುತು! ಹಸಿರು ಬಣ್ಣವೊಂದಿರಲಿಲ್ಲ, ಅಷ್ಟೇ. ಮಾಡಿದವರು ಆಂಟಿಯ ಪಕ್ಕದ ಮನೆಯ ರೂತ್, ಇದೇ ಊರಿನಲ್ಲಿ ಹುಟ್ಟಿ ಬೆಳೆದ ಅಮೆರಿಕನ್ ಅಜ್ಜಿ. ಅವರಿಗೆ ಈ ಗುರುತು ಹೇಗೆ ಸಿಕ್ಕಿತು?

ಮನೆಗೆ ನಡೆಯುವಾಗ ಆಂಟಿ ಕಥೆ ಹೇಳಿದರು. "ನಾವು ಹೊಸ ಮನೆಗೆ ಬಂದ ದಿನವೇ ರೂತ್ ಪೈ ತಂದ್ಕೊಟ್ಲು. ಬಾಗ್ಲಲ್ಲೇ ಕೇಳ್ದೆ, ಕಣಕಕ್ಕೆ ಏನು ಹಾಕಿದೀಯ ಅಂತ. ಹಂದಿ ಕೊಬ್ಬು ಅಂದ್ಲು. ನಾನು ತಿನ್ನಲ್ಲ ಅಂದೆ. ಮುಖ ಕೆಂಪಗೆ ಮಾಡ್ಕೊಂಡು ವಾಪಸ್ ತಗೊಂಡು ಹೋದ್ಲು. ಸರಿ, ಇನ್ನು ಈ ಮನೆ ಜೊತೆ ಮಾತಿಲ್ಲ ಅಂದ್ಕೊಂಡೆ. ಮಾರನೇ ದಿನ ನೋಡಿದ್ರೆ ಬೆಣ್ಣೆ ಹಾಕಿ ಮಾಡ್ಕೊಂಡು ಬಂದಿದಾಳೆ!"

"ನಿಮಗೆ ಮುಜುಗರ ಆಗ್ಲಿಲ್ವಾ ಆಂಟಿ?"

"ಆಗ್ದೆ ಏನು? ಆದ್ರೆ ಅವತ್ತು ಥ್ಯಾಂಕ್ಯೂ ಹೇಳಿ ಇಸ್ಕೊಂಡು ಕಸಕ್ಕೆ ಹಾಕಿದ್ರೆ, ಇವತ್ತಿನ ತನಕ ಹಾಕ್ತಾನೇ ಇರ್ಬೇಕಿತ್ತು."

ಆಮೇಲೊಮ್ಮೆ ಊರಿನಿಂದ ತಂದ ಬಿಸ್ಕತ್ ಪೊಟ್ಟಣ ತೋರಿಸಿ ರೂತ್‌ಗೆ ಆ ಗುರುತನ್ನು ಕಲಿಸಿದ್ದೂ ಅವರೇ.

ಇಲ್ಲಿಯ ಬೇಸಿಗೆಯ ಟೊಮೇಟೊ ಪೈಯನ್ನು ನನಗೆ ಹೇಳಿಕೊಟ್ಟವರು ಆಂಟಿ. ಹಣ್ಣಿನ ಹೋಳುಗಳಿಗೆ ಉಪ್ಪು ಹಚ್ಚಿ, ಬಿಟ್ಟ ನೀರನ್ನೆಲ್ಲ ಬಸಿದು, ಕಣಕದ ಮೇಲೆ ಜೋಡಿಸಿ, ತುಳಸಿಯ ತಂಗಿಯಂಥ ಬೇಸಿಲ್ ಎಲೆ ಹರಡಿ, ಮೇಲೆ ಚೀಸ್ ಮತ್ತು ಮೊಟ್ಟೆಯಿಲ್ಲದ ಮೇಯೊ ಬಳಿದು ಬೇಯಿಸಬೇಕು. ಬಸಿಯುವುದಂತೆ! ಟೊಮೇಟೊ ರಸ ಚೆಲ್ಲುವವರುಂಟೆ? ನಾನು ಬಸಿಯಲಿಲ್ಲ. ಇರಲಿ ಎಂದು ಒಂದು ಚಮಚ ಸಾರಿನ ಪುಡಿಯನ್ನೂ ಸೇರಿಸಿ, ಬೇಯಿಸಿ, ಬಿಸಿಯಾರಿದ ಮೇಲೆ ಅವರ ಮನೆಗೆ ಒಯ್ದೆ. ಆಂಟಿ ಎಂದಿನಂತೆ ತಟ್ಟೆಯನ್ನು ತಲೆಯ ಮೇಲಕ್ಕೆತ್ತಿದರು. ಅಂಚಿನಿಂದ ಚೆಲ್ಲಿದ ಕೆಂಪು ರಸ ಮುಂಗೈ ದಾಟಿ ಮೊಣಕೈಯವರೆಗೆ ಇಳಿಯಿತು.

"ಇದು ಪೈ ಅಲ್ಲ ಕಣೇ, ಗೊಜ್ಜು. ಅನ್ನಕ್ಕಿಡು" ಎಂದು ಬಿದ್ದು ಬಿದ್ದು ನಕ್ಕರು. ಬಿಸಿ ಅನ್ನಕ್ಕೆ ಕಲೆಸಿಕೊಂಡು ತಿಂದೆವು, ಚೆನ್ನಾಗಿಯೇ ಇತ್ತು. "ಬಸಿದಿದ್ದನ್ನ ಚೆಲ್ಲು ಅಂತ ನಾನೆಲ್ಲಿ ಹೇಳ್ದೆ? ಅದ್ರಲ್ಲಿ ರಾತ್ರಿಗೆ ಸಾರು ಮಾಡು."

ಮುಂದಿನ ಸಲ ಬಸಿದೆ. ಕಣಕ ಕರುಂ ಎಂದಿತು, ಹುಳಿಯೂ ಬೆಣ್ಣೆಯೂ ಒಟ್ಟಿಗೇ ನಾಲಿಗೆಗೆ ಬಂದವು. ಇಷ್ಟು ದಿನ ಇದನ್ನು ದೂರದಿಂದ ನೋಡಿಕೊಂಡಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಅಂದಿನಿಂದ ಪಾಟ್‌ಲಕ್ ಎಂದರೆ ಕುತೂಹಲ. ಅಣಬೆಯದು, ಈರುಳ್ಳಿಯದು, ಗೆಣಸಿನದು, ಎಲ್ಲ ರುಚಿ ನೋಡಿದೆ. ಆದರೆ ಕೇಳುವ ಕೆಲಸ ಮಾತ್ರ ಆಂಟಿಯದೇ. "ನಾನಿಲ್ಲದ ದಿನ ಮತ್ತೆ ಚಿಪ್ಸ್ ತಿಂತೀಯಾ? ಬಾಯಿ ಇದೆಯಲ್ಲ, ಕೇಳು" ಎಂದು ಗದರುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತು ನಗುತ್ತಿದ್ದೆ.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ಊಟ ಸೇರುತ್ತಿರಲಿಲ್ಲ. ಆದರೂ ಒಂದು ಟೊಮೇಟೊ ಪೈ ಮಾಡಿ ಒಯ್ದೆ. "ಎತ್ತು" ಎಂದರು. ಮಂಚದ ಪಕ್ಕ ನಿಂತು ಅವರ ಮುಖದ ಮೇಲೆ ತಟ್ಟೆ ಎತ್ತಿ ಹಿಡಿದೆ. ಬಹಳ ಹೊತ್ತು ನೋಡಿದರು. "ಬೆಂದಿದೆ" ಎಂದರು. ತಿನ್ನಲಿಲ್ಲ. ಅದೇ ಕೊನೆಯ ಭೇಟಿ.

ರೂತ್ ಮನೆ ಮಾರಿ ಮಗಳ ಊರಿಗೆ ಹೋದರು. ಈ ಬೇಸಿಗೆಯ ಪಾಟ್‌ಲಕ್‌ಗೆ ಹೋಗಲು ನನಗೆ ಕಾಲೇ ಬರಲಿಲ್ಲ. ಕೊನೆಗೂ ಹೋದಾಗ ಮೇಜಿನ ಹಿಂದೆ ಪರಿಚಯವಿಲ್ಲದ ಹುಡುಗಿಯೊಬ್ಬಳು, ಹೊಸದಾಗಿ ಬಂದ ಅಮೆರಿಕನ್ ಸಂಸಾರದವಳು, ತಾನು ಮಾಡಿದ ಪೈ ಇಡುತ್ತಿದ್ದಳು. ಮೇಲೆ ಚೌಕ, ನಡುವೆ ಚುಕ್ಕಿ.

"ಹೊರಹಿಟ್ಟಿಗೆ ಏನು ಹಾಕಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

"ಬೆಣ್ಣೆ. ಗುರುತು ಇದೆಯಲ್ಲ?"

"ಈ ಗುರುತು ಯಾರು ಹೇಳಿಕೊಟ್ಟರು?"

ಅವಳು ಭುಜ ಕುಣಿಸಿದಳು. "ಗೊತ್ತಿಲ್ಲ. ಈ ಕಾಲೊನಿಯಲ್ಲಿ ಈಗ ಎಲ್ಲರೂ ಹೀಗೇ ಹಾಕ್ತಾರಲ್ಲ."

ಎರಡೂ ಕೈಯಲ್ಲಿ ತಟ್ಟೆಯನ್ನು ತಲೆಯ ಮೇಲಕ್ಕೆತ್ತಿದೆ. ಹುಡುಗಿ ಗಾಬರಿಯಿಂದ ನೋಡಿದಳು. ಕಣ್ಣಲ್ಲಿ ನೀರು ತುಂಬಿ ತಳ ಸರಿಯಾಗಿ ಕಾಣಲಿಲ್ಲ. ಆದರೂ "ಬೆಂದಿದೆ" ಎಂದೆ, ಕನ್ನಡದಲ್ಲೇ.